ಸಿದ್ದಾಪುರದ ಅಂಬಾಸಿಡರ್‌ಗೆ ನಾನು ಹಾಕಿದ ಪ್ಯಾಕಿಂಗ್

ಗಂಗಾವತಿಯ ನನ್ನ ಗ್ಯಾರೇಜನ್ನು ಈಗ ನಡೆಸುತ್ತಿರುವ ಮಂಜುನಾಥ ಹೋದ ತಿಂಗಳು ಒಂದು ನೋಟ್‌ಬುಕ್ಕು, ಎರಡು ಪೆನ್ನು ತಂದುಕೊಟ್ಟ.

"ಅಜ್ಜಾರ, ಐಟಿಐ ಮುಗಿಸಿ ಬರೋರಿಗೆ ಹಳೇ ಎಂಜಿನ್ ಬಿಚ್ಚಾಕ ಬರಾಂಗಿಲ್ಲ. ನೀವು ಮಾಡಿದ್ದೆಲ್ಲಾ ಬರದಿಡ್ರಿ. ನೀವು ಹೋದ ಮ್ಯಾಲೆ ಯಾರನ್ನ ಕೇಳೂಣು?" ಎಂದ.

"ನಾ ಎಲ್ಲಿಗೆ ಹೊಂಟೀನಿ ಅಂತ ತಿಳದೀಯೋ?" ಎಂದೆ. ನಾಲಿಗೆ ಕಚ್ಚಿಕೊಂಡ.

ನಾನು ಈರಪ್ಪ, ಎಸ್ಸೆಸ್ಸೆಲ್ಸಿ ಪಾಸಾದವನು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಟ್ಟು ಬಿಗಿಯುವ ಪಾನಾ ಹಿಡಿದಿದ್ದೇನೆ. ನಮ್ಮ ಕಸಬಿನಲ್ಲಿ ಬಡ್ತಿ ಎಂಬುದಿಲ್ಲ. ಮೊದಲು ಗಾಡಿಯ ಕೆಳಗೆ ಮಲಗುತ್ತೇವೆ; ಬೆನ್ನು ಹಿಡಿದುಕೊಳ್ಳಲು ಶುರುವಾದ ಮೇಲೆ ಪಕ್ಕದಲ್ಲಿ ನಿಂತು ಮಲಗಿದವರಿಗೆ ಬೈಯುತ್ತೇವೆ. ಆ ಭಾಗವನ್ನು ಬಿಟ್ಟುಬಿಡುತ್ತೇನೆ. ಆದರೆ ಮಾಡಿದ್ದೆಲ್ಲಾ ಬರೆಯಿರಿ ಎಂದಿದ್ದಾನಲ್ಲ, ಎಲ್ಲಾ ಎಂದರೆ ನಾನು ಮಾಡಿದ ಒಂದು ಪಾಪವೂ ಬರಬೇಕು. ನನ್ನಿಂದಾಗಿ ಒಬ್ಬ ಪ್ರಾಮಾಣಿಕ ಡ್ರೈವರ್ ಮೂವತ್ತೈದು ವರ್ಷ ಪೆಟ್ರೋಲು ಕಳ್ಳ ಎನಿಸಿಕೊಂಡು ಬದುಕಿದ. ಅದನ್ನು ಹೇಳಬೇಕೆಂದೇ ಈ ನೋಟ್‌ಬುಕ್ಕು ತೆರೆದಿದ್ದೇನೆ. ಅಲ್ಲಿಗೆ ಹೋಗುವ ಮೊದಲು ಪ್ಯಾಕಿಂಗ್ ಎಂದರೇನು ಎಂಬುದನ್ನು ಹೇಳಿಬಿಡುತ್ತೇನೆ.

ಪುಸ್ತಕದಲ್ಲಿ ಅದಕ್ಕೆ ಗ್ಯಾಸ್ಕೆಟ್ ಎಂದಿದೆ. ಗ್ಯಾರೇಜಿನಲ್ಲಿ ಪ್ಯಾಕಿಂಗ್ ಎನ್ನುತ್ತೇವೆ. ಗಾಳಿ ಮತ್ತು ಪೆಟ್ರೋಲು ಕಾರ್ಬರೇಟರಿನಲ್ಲಿ ಬೆರೆತು ಒಂದು ಕೊಳವೆಯ ಮೂಲಕ ಎಂಜಿನ್ನಿನೊಳಗೆ ಹೋಗುತ್ತವೆ. ಆ ಕೊಳವೆಗೆ ಮ್ಯಾನಿಫೋಲ್ಡ್ ಎಂದು ಹೆಸರು. ಅದು ಎಂಜಿನ್ನಿಗೆ ಕೂಡುವ ಜಾಗದಲ್ಲಿ ನಡುವೆ ಒಂದು ದಪ್ಪ ಹಾಳೆ ಇರುತ್ತದೆ. ಅದು ಸುಟ್ಟರೆ, ಹರಿದರೆ, ಸಂದಿನಿಂದ ಕಳ್ಳಗಾಳಿ ಒಳಗೆ ನುಗ್ಗುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಆಗ ಎಂಜಿನ್ ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಬಿಟ್ಟಾಗ, ಒಂದೇ ಸಮ ಓಡುವುದಿಲ್ಲ, ಗುಕ್ ಗುಕ್ ಎನ್ನುತ್ತದೆ, ಕಿವಿಗೊಟ್ಟರೆ ಸುಸ್ ಎಂಬ ಸದ್ದು ಕೇಳುತ್ತದೆ. ಇಷ್ಟೇ ವಿದ್ಯೆ.

ನಾನು ಕಲಿತದ್ದು ಕೊಪ್ಪಳದಲ್ಲಿ, ಖಾದರ್ ಉಸ್ತಾದರ ಹತ್ತಿರ. ಆಗ ತಯಾರಾದ ಪ್ಯಾಕಿಂಗ್ ಬೇಕೆಂದರೆ ವಾರಗಟ್ಟಲೆ ಕಾಯಬೇಕಿತ್ತು. ಉಸ್ತಾದರು ಹಾಳೆಯನ್ನು ಮ್ಯಾನಿಫೋಲ್ಡಿನ ಮುಖದ ಮೇಲಿಟ್ಟು, ಸಣ್ಣ ಸುತ್ತಿಗೆಯ ಗುಂಡು ತಲೆಯಿಂದ ಅಂಚಿನ ಗುಂಟ ಮೆಲ್ಲಗೆ ಬಡಿಯುತ್ತಾ ಹೋಗುತ್ತಿದ್ದರು. ಟಕ ಟಕ ಎನ್ನುತ್ತಾ ಹಾಳೆ ಆ ಅಂಚಿಗೇ ಕತ್ತರಿಸಿಕೊಂಡು ಬೀಳುತ್ತಿತ್ತು. ಆ ಕಲ್ನಾರಿನ ಹಾಳೆಯ ಧೂಳು ಪುಪ್ಪುಸಕ್ಕೆ ಕೆಟ್ಟದ್ದು ಎಂದು ಈಗ ಹೇಳುತ್ತಾರೆ. ನಾವು ಬಾಯಿಂದ ಊದುತ್ತಿದ್ದೆವು. ನೀವು ಊದಬೇಡಿ.

ಉಸ್ತಾದರದ್ದು ಒಂದು ಪರೀಕ್ಷೆ ಇತ್ತು. ಕೆಲಸ ಮುಗಿದು ಎಂಜಿನ್ ಚಾಲೂ ಮಾಡಿದ ಮೇಲೆ ಖಾಲಿ ಬೆಂಕಿಪೊಟ್ಟಣವನ್ನು ಎಂಜಿನ್ ಮುಚ್ಚಳದ ಮೇಲೆ ನೆಟ್ಟಗೆ ನಿಲ್ಲಿಸುತ್ತಿದ್ದರು. ಬೀಡಿ ಹಚ್ಚಿಕೊಂಡು ದೂರ ಹೋಗಿ ಕೂತು ನೋಡುತ್ತಿದ್ದರು. ಬೀಡಿ ಮುಗಿಯುವವರೆಗೆ ಪೊಟ್ಟಣ ನಿಂತರೆ ಗಾಡಿ ಹೊರಗೆ. ಬಿದ್ದರೆ ಒಂದೇ ಮಾತು, "ಮತ್ತ ಬಿಚ್ಚು." ಯಾಕೆ ಬಿತ್ತು ಎಂದು ಹೇಳುತ್ತಿರಲಿಲ್ಲ. ಹುಡುಕುವುದು ನಮ್ಮ ಪಾಲಿಗೆ.

ಅವರ ಹತ್ತಿರ ಇದ್ದಾಗಲೇ ನಾನು ಯಲಬುರ್ಗಾದ ಡಾಕ್ಟರೊಬ್ಬರ ಫಿಯೆಟ್ ಕಾರಿನ ಪ್ಯಾಕಿಂಗ್ ಬದಲಿಸಿದೆ. ಮ್ಯಾನಿಫೋಲ್ಡ್ ಬಿಚ್ಚಿದಾಗ ಎಂಜಿನ್ನಿನ ತೂತುಗಳಿಗೆ ಕಸ ಬೀಳದಂತೆ ಬಟ್ಟೆ ತುರುಕುತ್ತೇವೆ. ತುರುಕಿದ್ದು ನೆನಪಿತ್ತು, ತೆಗೆಯುವುದು ಮರೆತೆ. ಎಲ್ಲ ಬಿಗಿದು ಚಾವಿ ತಿರುಗಿಸಿದರೆ ಎಂಜಿನ್ ಕೆಮ್ಮಿತು, ಒಮ್ಮೆ ಸೀನಿತು, ಸುಮ್ಮನಾಯಿತು. ಅರ್ಧ ದಿನ ಪ್ಲಗ್ಗು, ಪಾಯಿಂಟು, ಪೆಟ್ರೋಲು ಪಂಪು ಎಲ್ಲ ನೋಡಿದೆ. ಕೊನೆಗೆ ಉಸ್ತಾದರು ಬಂದು, ನನ್ನ ಹೆಗಲ ಮೇಲಿನ ಹರಿದ ಬನಿಯನ್ ನೋಡಿ, "ಇದರ ಇನ್ನೊಂದು ತೋಳು ಎಲ್ಲಿ ಐತಿ?" ಎಂದು ಕೇಳಿದರು. ಆ ತೋಳನ್ನೇ ಹರಿದು ತೂತಿಗೆ ತುರುಕಿದ್ದೆ. ಬಿಚ್ಚಿ ಹೊರಗೆಳೆದಾಗ ಡಾಕ್ಟರು ಪಕ್ಕದಲ್ಲೇ ನಿಂತಿದ್ದರು.

"ತಮ್ಮಾ, ನಾ ಹೊಟ್ಟ್ಯಾಗ ಅರಿವಿ ಬಿಟ್ಟು ಹೊಲದ್ರ ನನ್ನ ಬಿಡ್ತಾರೇನೋ?" ಎಂದರು.

"ಗಾಡಿ ಅಳಂಗಿಲ್ಲಲ್ರಿ ಸಾಹೇಬ್ರ, ಅದಕ್ಕ ನಾವು ಬದುಕೀವಿ," ಎಂದರು ಉಸ್ತಾದರು. ಡಾಕ್ಟರು ನಕ್ಕುಬಿಟ್ಟರು. ಅಂದಿನಿಂದ ಎಲ್ಲ ಬಟ್ಟೆ ತುಂಡುಗಳನ್ನೂ ಒಂದೇ ದಾರಕ್ಕೆ ಕಟ್ಟಿ ತುರುಕುತ್ತೇನೆ. ಒಂದನ್ನು ಎಳೆದರೆ ಎಲ್ಲವೂ ಬರುತ್ತವೆ. ನೀವೂ ಹಾಗೇ ಮಾಡಿ.

ಇನ್ನೊಮ್ಮೆ ಕುಷ್ಟಗಿ ರಸ್ತೆಯಲ್ಲಿ ಮದುವೆ ಜೀಪೊಂದು ನಿಂತುಬಿಟ್ಟಿತ್ತು. ಕಾರ್ಬರೇಟರಿನ ಅಡಿಯ ಪ್ಯಾಕಿಂಗ್ ಎರಡು ತುಂಡಾಗಿತ್ತು. ನಾನು ಬೇರೆ ಕೆಲಸಕ್ಕೆ ಹೊರಟವನು, ಕೈಯಲ್ಲಿ ಹಾಳೆ ಇಲ್ಲ. ಮದುಮಗನ ಸೋದರಮಾವನ ಚೀಲದಲ್ಲಿ ಹಂಚಿ ಉಳಿದ ಲಗ್ನಪತ್ರಿಕೆಗಳಿದ್ದವು, ಒಳ್ಳೆಯ ದಪ್ಪ ಕಾಗದ. ಎರಡನ್ನು ಜೋಡಿಸಿ, ಕೊರೆದು, ಎಂಜಿನ್ ಆಯಿಲ್‌ನಲ್ಲಿ ಅದ್ದಿ ಹಾಕಿದೆ. ಗಾಡಿ ಹೊರಟಿತು. ಆ ಮಾವ ಮಾತ್ರ ಮುಖ ಸಪ್ಪಗೆ ಮಾಡಿಕೊಂಡು, "ತೂತು ಬರೋಬ್ಬರಿ ನನ್ನ ಹೆಸರಿನ ಮ್ಯಾಲೆ ಬಿತ್ತಲ್ಲೋ" ಎಂದ. ಜೀಪು ಮುಹೂರ್ತಕ್ಕೆ ಮುಟ್ಟಿತಂತೆ.

ಹೀಗೆ ಹೆಸರು ಮಾಡಿಕೊಂಡು ಗಂಗಾವತಿಯಲ್ಲಿ ಸ್ವಂತ ಗ್ಯಾರೇಜು ಹಾಕಿದೆ. ಎರಡನೆಯ ವರ್ಷ ಸಿದ್ದಾಪುರದ ಅಕ್ಕಿ ಗಿರಣಿಯ ಶರಣಪ್ಪ ಸಾಹುಕಾರರ ಅಂಬಾಸಿಡರ್ ನನ್ನಲ್ಲಿಗೆ ಬಂತು. ತಂದವನು ಅವರ ಡ್ರೈವರ್ ಹುಸೇನಸಾಬ, ನನ್ನ ವಾರಿಗೆಯವನು, ಇರಕಲ್ಲಗಡದವನು. ಗಾಡಿಯನ್ನು ಎಮ್ಮೆ ಮೈ ತೊಳೆದಂತೆ ದಿನವೂ ತೊಳೆಯುತ್ತಿದ್ದ. ಗೇರು ಹಾಕಿದ್ದು ಕೂತವರಿಗೆ ತಿಳಿಯುತ್ತಿರಲಿಲ್ಲ. ನನಗೂ ಅವನಿಗೂ ಬಲು ಬೇಗ ದೋಸ್ತಿ ಆಯಿತು.

ಅಂಬಾಸಿಡರ್‌ನಲ್ಲಿ ಗಾಳಿ ಒಳಗೆ ಹೋಗುವ ಕೊಳವೆ, ಹೊಗೆ ಹೊರಗೆ ಬರುವ ಕೊಳವೆ ಎರಡೂ ಒಂದೇ ಮಗ್ಗುಲಿಗಿರುತ್ತವೆ. ಎರಡಕ್ಕೂ ಸೇರಿ ಒಂದೇ ಪ್ಯಾಕಿಂಗ್. ನಡುವಿನ ನಟ್ಟುಗಳ ಕೆಳಗೆ ದಪ್ಪ ವಾಶರ್ ಇರುತ್ತದೆ. ಆ ಒಂದೇ ವಾಶರ್ ಅರ್ಧ ಈ ಕೊಳವೆಯ ಕಿವಿಯನ್ನು, ಅಂದರೆ ಅಂಚಿನಲ್ಲಿ ಚಾಚಿದ ತುಂಡನ್ನು, ಅರ್ಧ ಆ ಕೊಳವೆಯ ಕಿವಿಯನ್ನು ಒತ್ತಿ ಹಿಡಿಯಬೇಕು. ಎರಡು ಕಿವಿಯ ದಪ್ಪವೂ ಒಂದೇ ಇರಬೇಕು. ಒಂದು ಉಬ್ಬಿದ್ದರೆ ವಾಶರ್ ಅದನ್ನಷ್ಟೇ ಒತ್ತುತ್ತದೆ, ಇನ್ನೊಂದು ಸಡಿಲವಾಗಿಯೇ ಉಳಿಯುತ್ತದೆ. ಸಾಹುಕಾರರ ಗಾಡಿಯ ಹೊಗೆ ಕೊಳವೆ ಸೀಳಿತ್ತು, ಪ್ಯಾಕಿಂಗ್ ಸುಟ್ಟಿತ್ತು. ಹೊಸಪೇಟೆಯ ಗುಜರಿಯಿಂದ ಬೇರೆ ಕೊಳವೆ ತಂದೆ. ಅದರ ಕಿವಿ ಒಂದು ಬ್ಲೇಡಿನಷ್ಟು ದಪ್ಪವಾಗಿತ್ತು. ಅರದಿಂದ ಉಜ್ಜಿ ಸಮ ಮಾಡಬೇಕಿತ್ತು. ಎರಡು ತಾಸಿನ ಕೆಲಸ.

ಮರುದಿನ ಸಾಹುಕಾರರ ಮಗಳ ನಿಶ್ಚಯ. ಸಂಜೆಯೊಳಗೆ ಗಾಡಿ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೆ. ಉಜ್ಜದೆ ಹಾಗೇ ಬಿಗಿದೆ. ಚಾಲೂ ಮಾಡಿದರೆ ಸುಸ್ ಎಂದಿತು, ಸ್ಲೋದಲ್ಲಿ ಕುಣಿಯಿತು. ಅವತ್ತು ಬೆಂಕಿಪೊಟ್ಟಣ ನಿಲ್ಲಿಸಿ ನೋಡುವ ಧೈರ್ಯ ಆಗಲಿಲ್ಲ. ಕಾರ್ಬರೇಟರಿನ ಅಡಿಯ ನಟ್ಟನ್ನು ಎರಡು ಸುತ್ತು ಇಳಿಸಿ ಪೆಟ್ರೋಲು ಹೆಚ್ಚು ಬರುವಂತೆ ಮಾಡಿದೆ. ಕಳ್ಳಗಾಳಿಗೆ ಪೆಟ್ರೋಲಿನ ಲಂಚ ಕೊಟ್ಟಂತಾಯಿತು. ಎಂಜಿನ್ನಿನ ಕುಣಿತ ನಿಂತಿತು. ಆಮೇಲೆ ಕರೆಸಿ ಸರಿಮಾಡಿದರಾಯಿತು ಎಂದುಕೊಂಡೆ. ಕರೆಸಲಿಲ್ಲ.

ವಾರದ ಮೇಲೆ ಹುಸೇನಸಾಬ ತಾನಾಗಿಯೇ ಬಂದ. "ಮೇಸ್ತ್ರಿ, ಒಳಗ ಏನೋ ಸುಸ್ ಅಂತೈತಿ. ಪೆಟ್ರೋಲೂ ಭಾಳ ಕುಡೀತೈತಿ. ಒಂದೀಟು ನೋಡು."

"ಹೊಸಾ ಪ್ಯಾಕಿಂಗ್, ಕೂಡಾಕ ಟೈಮ್ ಬೇಕು. ಓಡಸು," ಎಂದು ಬಾನೆಟ್ ಸಹ ಎತ್ತದೆ ಕಳಿಸಿದೆ. ನನ್ನ ಮಾತು ನಂಬಿ ಹೋದ.

ಎರಡು ತಿಂಗಳಾದ ಮೇಲೆ ಸಾಹುಕಾರರೇ ಬಂದರು. ಮೊದಲು ಹೊಸಪೇಟೆಗೆ ಹೋಗಿಬರಲು ಸಾಕಾಗುತ್ತಿದ್ದ ಪೆಟ್ರೋಲು ಈಗ ವಾಪಸು ಬರುವಾಗ ಗಂಗಾವತಿಗೇ ಮುಗಿಯುತ್ತಿತ್ತು.

"ಈರಪ್ಪ, ನಿಜ ಹೇಳು. ಕುಡಿಯೋದು ಗಾಡಿಯೋ, ಮನಿಷ್ಯಾನೋ?"

ಹುಸೇನಸಾಬ ಬಾನೆಟ್ಟಿನ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಾ ನಿಂತಿದ್ದ. ನಾನು ಏನಾದರೂ ದೋಷ ಹೇಳುತ್ತೇನೆಂದು ಅವನಿಗೆ ಖಾತ್ರಿ ಇತ್ತು. ಸಾಹುಕಾರರ ಮಾತಿನ ಮೇಲೆ ಆ ಭಾಗದ ಗಿರಣಿಯವರ ಗಾಡಿಗಳೆಲ್ಲ ನನ್ನ ಗ್ಯಾರೇಜಿಗೆ ಬರುತ್ತಿದ್ದವು. ಬಾನೆಟ್ ಎತ್ತಿ ಕಿವಿಗೊಟ್ಟಂತೆ ಮಾಡಿ ಅಂದೆ, "ಗಾಡಿ ಫಸ್ಟ್ ಕ್ಲಾಸ್ ಐತ್ರಿ."

ನಾನು ಅವನನ್ನು ಕಳ್ಳ ಎಂದು ಬಾಯಿಬಿಟ್ಟು ಹೇಳಲಿಲ್ಲ. ಅಷ್ಟರಿಂದಲೇ ನನ್ನನ್ನು ನಾನು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ಮರುದಿನ ಅವನ ಕೆಲಸ ಹೋಯಿತು. ಡ್ರೈವರ್ ಮಂದಿಯಲ್ಲಿ ಸುದ್ದಿ ಹಬ್ಬಿತು. ಟ್ಯಾಂಕಿಗೆ ಪೈಪು ಹಾಕಿ ಪೆಟ್ರೋಲು ಎಳೆಯುತ್ತಿದ್ದನಂತೆ ಎಂದು ಅವನಿಗೆ ಪೈಪ್‌ಸಾಬ ಎಂದು ಹೆಸರಿಟ್ಟರು. ಅವನು ಊರಿಗೆ ಮರಳಿ ಬಾಡಿಗೆ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದ. ಒಮ್ಮೆ ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದ. ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡೆ. ಅವನು ಪೇಪರನ್ನು ಬೆರಳಿನಿಂದ ಕೆಳಗಿಳಿಸಿ, "ಆರಾಮ ಇದ್ದೀ ಏನ್ ಮೇಸ್ತ್ರಿ?" ಎಂದು ನಕ್ಕ. ನನ್ನ ಮೇಲೆ ಅವನಿಗೆ ಅನುಮಾನವೇ ಇರಲಿಲ್ಲ. ಅವನು ಒಂದು ಏಟು ಹೊಡೆದಿದ್ದರೆ ವಾಸಿ ಎನ್ನಿಸಿತು.

ಮುಂದೆ ಕಸಬು ಬದಲಾಯಿತು. ಕಾರ್ಬರೇಟರ್ ಹೋಯಿತು, ವೈರುಗಳು ಬಂದವು. ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಮೊದಲ ಸಲ ನೋಡಿದಾಗ ಬಕೆಟ್ ಮಾಡುವವರು ಮಾಡಿದ್ದೇನೋ ಅಂದುಕೊಂಡೆ. ಪ್ಯಾಕಿಂಗ್ ಈಗ ರಬ್ಬರಿನದು, ಅದಕ್ಕೆಂದೇ ಕೊರೆದ ಸಾಲಿನಲ್ಲಿ ಇಟ್ಟರೆ ತಾನೇ ಕೂತುಕೊಳ್ಳುತ್ತದೆ. ಕಿವಿಯ ಬದಲು ಸ್ಕ್ಯಾನರ್ ಕೇಳುತ್ತದೆ. ಇದು ಒಳ್ಳೆಯದೇ. ಸ್ಕ್ಯಾನರ್‌ಗೆ ಸಾಹುಕಾರರ ಹಂಗು ಇರುವುದಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಗ್ಯಾರೇಜನ್ನು ಮಂಜುನಾಥನಿಗೆ ಕೊಟ್ಟು ಮನೆಯಲ್ಲಿ ಕೂತೆ.

ಹೋದ ವರ್ಷ ಮಂಜುನಾಥನ ಫೋನು. "ಅಜ್ಜಾರ, ಒಂದು ಮುದುಕಿ ಬಂದೈತಿ. ಸ್ಕ್ಯಾನರ್ ಹಚ್ಚೂಣು ಅಂದ್ರ ಹಚ್ಚಾಕ ಜಾಗಾನ ಇಲ್ಲ."

ಹೋಗಿ ನೋಡಿದರೆ ಅದೇ ಅಂಬಾಸಿಡರ್. ಗಿರಣಿಯ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ಮಲಗಿದ್ದ ಗಾಡಿ. ಮದುವೆ ಫೋಟೋ ತೆಗೆಸಿಕೊಳ್ಳುವವರು ಈಗ ಹಳೆಯ ಗಾಡಿ ಕೇಳುತ್ತಾರಂತೆ, ಅದಕ್ಕೆ ಸಾಹುಕಾರರ ಮಗ ರಿಪೇರಿಗೆ ಕಳಿಸಿದ್ದ. ನಾನೇ ಮ್ಯಾನಿಫೋಲ್ಡ್ ಬಿಚ್ಚಿದೆ. ನನ್ನದೇ ಪ್ಯಾಕಿಂಗ್. ಅಂಚಿನಲ್ಲಿ ನನ್ನದೇ ಸುತ್ತಿಗೆ ಗುರುತು. ಹೊಗೆಯ ಮಗ್ಗುಲು ಒತ್ತಿ ಕಾಗದದಷ್ಟು ತೆಳ್ಳಗಾಗಿತ್ತು, ಗಾಳಿಯ ಮಗ್ಗುಲು ಹಾಕಿದ ದಿನದಷ್ಟೇ ಉಬ್ಬಿತ್ತು.

ಒಂದು ಸ್ಟೂಲು ತರಿಸಿಕೊಂಡು ಕೂತು ಆ ದಪ್ಪ ಕಿವಿಯನ್ನು ಅರದಿಂದ ಉಜ್ಜಿದೆ. ಹುಡುಗರೇ, ಕ್ರಮ ಬರೆದುಕೊಳ್ಳಿ: ಹಳೆಯ ಪ್ಯಾಕಿಂಗಿನ ಚೂರು ಪೂರಾ ಕೆರೆದು ತೆಗೆಯಬೇಕು, ನೇರವಾದ ಉಕ್ಕಿನ ಪಟ್ಟಿ ಇಟ್ಟು ಮುಖ ಸಮ ಇದೆಯೇ ನೋಡಬೇಕು, ನಟ್ಟುಗಳನ್ನು ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಹೋಗಬೇಕು, ಗಾಡಿ ಓಡಿಸಿ ಬಿಸಿಯಾಗಿ ಆರಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಇಷ್ಟು ಮಾಡಿಯೂ ತಪ್ಪಾದರೆ, ಗಾಡಿ ಮರಳಿ ಬಂದ ದಿನವೇ "ನನ್ನದು ತಪ್ಪಾಗಿದೆ, ಬಿಚ್ಚುತ್ತೇನೆ" ಎಂದುಬಿಡಬೇಕು.

ಮಾರನೆಯ ದಿನ ಬಸ್ಸು ಹತ್ತಿ ಇರಕಲ್ಲಗಡಕ್ಕೆ ಹೋದೆ. ಹುಸೇನಸಾಬ ಅಂಗಳದಲ್ಲಿ ಹೊರಸು ಮಂಚಕ್ಕೆ ನುಲಿ ಹಗ್ಗ ಹೆಣೆಯುತ್ತಿದ್ದ. ಕೂಡು ಎನ್ನುವ ಮೊದಲೇ ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಅವನು ಹಗ್ಗ ಹಿಡಿದುಕೊಂಡೇ ಕೇಳಿದ.

"ಎಷ್ಟು ದಪ್ಪ ಇತ್ತು?"

"ಒಂದು ಬ್ಲೇಡಿನಷ್ಟು."

"ಒಂದು ಬ್ಲೇಡಿನ ಸಲವಾಗಿ ನಾ ಇಷ್ಟು ವರ್ಷ ಪೈಪ್‌ಸಾಬ ಆದೆನಾ?" ಹಗ್ಗ ಬಿಸಾಕಿದ. ಬೇವಿನ ಗಿಡದ ತನಕ ಹೋಗಿ ಬೆನ್ನು ಮಾಡಿ ನಿಂತ. ತಿರುಗಿದಾಗ ಅವನ ಕಣ್ಣು ಕೆಂಪಗಿದ್ದವು, ಮಾತು ಮಾತ್ರ ಎಂದಿನಂತೆಯೇ ಇತ್ತು. "ನನಗ ಹೇಳಿ ಏನ್ ಮಾಡ್ತಿ? ನಾ ಕದ್ದಿಲ್ಲಂತ ನನಗ ಗೊತ್ತಿಲ್ಲೇನು? ಒಳಗ ಅಕಿ ಅದಾಳ. ಅಕಿಗೆ ಹೇಳು ನಡಿ."

ಅವನ ಹೆಂಡತಿ ಖಾಜಾಬಿ ಶೇಂಗಾ ಒಡೆಯುತ್ತಾ ಕೂತಿದ್ದಳು. ಮತ್ತೆ ಮೊದಲಿನಿಂದ ಹೇಳಿದೆ. ಕೇಳಿ ಮುಗಿಸಿ ತಲೆ ತೂಗಿದಳು.

"ಎಷ್ಟ್ ಚಂದ ಒಪ್ಪಿಸಿದ್ರಿ ಮೇಸ್ತ್ರಿ. ಇವ್ರು ಎಷ್ಟು ದಿನದಿಂದ ಕಲಿಸ್ಯಾರ?"

"ಇಲ್ಲ ಭಾಬಿ, ಖರೇನ..."

"ನೀವು ಇವ್ರ ದೋಸ್ತ. ದೋಸ್ತನ ಸಾಕ್ಷಿ ಯಾರು ಹಿಡೀತಾರ? ಕಳ್ಳ ಅಂದವ್ರು ಸಾವ್ಕಾರ್ರು. ಅಲ್ಲಂತ ಅವ್ರ ಹೇಳ್ಲಿ."

"ನೋಡಿದ್ಯಾ?" ಎಂದ ಹುಸೇನಸಾಬ ನನ್ನ ಕಡೆ ತಿರುಗಿ. "ಇದು ನನ್ನ ದಿನದ ಊಟ."

ಮಾರನೆಯ ದಿನ ನಾನೂ ಹುಸೇನಸಾಬನೂ ಸಿದ್ದಾಪುರಕ್ಕೆ ಹೋದೆವು. ಸಾಹುಕಾರರಿಗೆ ಈಗ ಎಂಬತ್ತು. ಗಿರಣಿಯ ಕಟ್ಟೆಯ ಮೇಲೆ ಕೂತಿದ್ದರು. ಮೂರನೆಯ ಸಲ ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕೋಲಿನ ತುದಿಯಿಂದ ನೆಲ ಕೆದಕುತ್ತಾ ಅಂದರು, "ನನಗ ಗೊತ್ತಿತ್ತೋ ಈರಪ್ಪ."

ನಾವಿಬ್ಬರೂ ಅವರ ಮುಖ ನೋಡಿದೆವು.

"ಇವನ್ನ ಬಿಡಿಸಿ ಹೊಸಾ ಡ್ರೈವರನ್ನ ಇಟ್ಟೆ. ಅವನ ಕೈಯಾಗೂ ಅಷ್ಟ ಕುಡೀತು. ಒಂದು ತಿಂಗಳಿಗೆ ನನಗ ತಿಳೀತು, ಕಳ್ಳ ಗಾಡ್ಯಾಗ ಅದಾನಂತ. ಆದ್ರ ನಾಲ್ಕು ಮಂದಿ ಮುಂದ ಆಡಿದ ಮಾತು, ಹೆಂಗ ನುಂಗ್ಲಿ? ಗಾಡಿನ ಶೆಡ್ಡಿಗೆ ಹಾಕಿ ಬ್ಯಾರೇದು ತಗೊಂಡೆ. ನೀ ಬಂದು ಜಗಳ ಆಡ್ತಿ, ಆವಾಗ ಕರಕೊಂಡ್ರಾತು ಅಂತಿದ್ದೆ ಹುಸೇನಿ. ನೀ ಬರ್ಲೇ ಇಲ್ಲ."

ಹೊಸ ಡ್ರೈವರನ ಕೈಯಲ್ಲೂ ಗಾಡಿ ಅಷ್ಟೇ ಕುಡಿದಿರುತ್ತದೆ ಎಂಬ ಸರಳ ಲೆಕ್ಕ ಇಷ್ಟು ವರ್ಷ ನನ್ನ ತಲೆಗೇ ಹೊಳೆದಿರಲಿಲ್ಲ. ಹುಸೇನಸಾಬ ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದ.

"ಹಂಗಾದ್ರ ಗೊತ್ತಿಲ್ಲದವ ನಾ ಒಬ್ಬನ! ಎಲ್ಲಾರೂ ಅಂದೂ ಅಂದೂ, ಒಮ್ಮೊಮ್ಮೆ ನನಗ ಅನುಮಾನ ಬರ್ತಿತ್ತು, ನಿದ್ದಿಗಣ್ಣಾಗ ನಾನ ಪೈಪ್ ಹಾಕಿದ್ನೇನೋ ಅಂತ!" ಎಂದವನೇ ಹೊಟ್ಟೆ ಹಿಡಿದು ನಗತೊಡಗಿದ. ನಗುತ್ತಲೇ ಕಣ್ಣೊರೆಸಿಕೊಂಡ. ಸಾಹುಕಾರರು ಕೈ ಜೋಡಿಸಲು ಹೋದರೆ ಆ ಕೈ ಹಿಡಿದು ಮೇಲೆಬ್ಬಿಸಿದ. "ಅದು ನನಗ ಬ್ಯಾಡ್ರಿ ಸಾವ್ಕಾರ್ರ. ಇರಕಲ್ಲಗಡಕ್ಕ ನಡೀರಿ. ಅಲ್ಲಿ ಜಜ್ಜು ಕಾಯಾಕತ್ಯಾರ."

ಖಾಜಾಬಿ ಬಾಗಿಲಲ್ಲಿ ನಿಂತಿದ್ದಳು. ಸಾಹುಕಾರರು ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ನಿಂತು, "ಇವ ಕದ್ದಿಲ್ಲವಾ. ತಪ್ಪು ನಂದು" ಎಂದರು.

"ನನಗ ಕಿವಿ ಮಂದ್ರಿ ಸಾವ್ಕಾರ್ರ. ಒಂದೀಟು ಜೋರ ಹೇಳ್ರಿ."

ಅವಳ ಕಿವಿ ನೆಟ್ಟಗಿದ್ದವು. ಹಿಂದಿನ ದಿನ ನಾನೇ ನೋಡಿದ್ದೆ. ಸಾಹುಕಾರರು ಉಸಿರೆಳೆದುಕೊಂಡು ಕೂಗಿದರು, "ಹುಸೇನಿ ಪೆಟ್ರೋಲ್ ಕದ್ದಿಲ್ಲ!" ಆಚೆ ಮನೆಯವರು, ಈಚೆ ಮನೆಯವರು ಹೊರಗೆ ಬಂದರು. ಹುಸೇನಸಾಬ ಎದೆ ಮುಂದೆ ಮಾಡಿ, "ಈಗೇನಂತಿ?" ಎಂದ ಹೆಂಡತಿಗೆ.

ಅವಳು ನಗುತ್ತಾಳೆಂದುಕೊಂಡಿದ್ದೆ. ಮೆಲ್ಲಗೆ ಹೊಸ್ತಿಲ ಮೇಲೆ ಕೂತಳು.

"ರೇಷನ್ ಅಂಗಡಿ ಸೀಮೆಎಣ್ಣಿ ಡಬ್ಬಿ ನಾನ ಹೊತ್ತು ತರ್ತಿದ್ದೆ. ಇವ್ರ ಕೈಯಾಗ ಕೊಟ್ರ ದಾರ್ಯಾಗ ಮಾರ್ತಾರ ಅಂತ. ಮನಿಗೆ ಗ್ಯಾಸ್ ಬರೂತನಾ ಹೊತ್ತೆ. ಬಸುರಿದ್ದಾಗೂ ಹೊತ್ತೆ. ಹಂಗಾದ್ರ ಯಾಕ ಹೊತ್ತೆ ನಾನು?"

ಹುಸೇನಸಾಬ ಅವಳ ಕಡೆ ತಿರುಗಿದ. "ಅದಕ್ಕಾ? ನಾ ದಣದು ಬಂದಿರ್ತೀನಂತ, ನನ್ನ ಮ್ಯಾಲಿನ ಪ್ರೀತೀಲೆ ಹೊರ್ತಿ ಅಂತ ತಿಳದಿದ್ನೆಲ್ಲೇ!"

ಖಾಜಾಬಿ ಅವನ ಮುಖ ನೋಡಿದಳು. ಸೆರಗು ಬಾಯಿಗೆ ಹಿಡಿದಳು. ಅದು ಅಳುವೋ ನಗುವೋ ನಮಗೆ ತಿಳಿಯಲಿಲ್ಲ, ಹೆಗಲು ಮಾತ್ರ ಕುಲುಕುತ್ತಿದ್ದವು. ನಾನು ಯಾರ್‍ಯಾರಿಗೆ ತಪ್ಪು ಮಾಡಿದ್ದೇನೆ ಎಂದು ಎಣಿಸುವಾಗ ಅವಳ ಹೆಸರು ಒಮ್ಮೆಯೂ ಬಂದಿರಲಿಲ್ಲ. "ತಪ್ಪಾತು ಭಾಬಿ" ಎಂದೆ. ಸಾಹುಕಾರರೂ ಅದನ್ನೇ ಅಂದರು.

ಅವಳು ಕಣ್ಣೊರೆಸಿಕೊಂಡು ಎದ್ದಳು. ಹೊರಸಿನ ಮೇಲೆ ಚಾದರ ಹಾಸಿ ಗಂಡನ ರಟ್ಟೆ ಹಿಡಿದು ಕೂಡಿಸಿದಳು, ತಾನೂ ಪಕ್ಕದಲ್ಲಿ ಕೂತಳು.

"ನೀವು ಕೂಡ್ರಿ. ಚಾ ಅವ್ರಿಬ್ರು ಮಾಡ್ತಾರ," ಎಂದು ನನ್ನ, ಸಾಹುಕಾರರ ಕಡೆ ಕೈ ತೋರಿಸಿದಳು.

ಸಾಹುಕಾರರಿಗೆ ಗ್ಯಾಸ್ ಹಚ್ಚಲು ಬರಲಿಲ್ಲ. ನಾನು ಹಚ್ಚಿದೆ. ಅವರು ಹಾಲು ಉಕ್ಕದಂತೆ ಕಣ್ಣು ನೆಟ್ಟು ನಿಂತರು. ಆದರೂ ಉಕ್ಕಿಸಿದರು. ಹೊರಗಿನಿಂದ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ನಮ್ಮನ್ನು ಬೈಯುವುದು ಕೇಳಿಸಿತು.